ಟ್ರಂಕಿನ ಮುಚ್ಚಳದಲ್ಲಿ 38 ಗೆರೆ

ಈ ಟ್ರಂಕನ್ನು ಮನೆಯಿಂದ ತಂದಿದ್ದೇನೆ. ಮಾತು ಮುಗಿದ ಮೇಲೆ ನೀವೆಲ್ಲ ಹತ್ತಿರ ಬಂದು ನೋಡಬಹುದು. ತಗಡಿನ ಟ್ರಂಕು. ಒಂದು ಕಾಲಕ್ಕೆ ಹಸಿರು ಬಣ್ಣ ಇತ್ತು, ಈಗ ಮೂಲೆಗಳಲ್ಲಿ ಮಾತ್ರ ಉಳಿದಿದೆ. ಮುಚ್ಚಳ ತೆರೆದರೆ ಒಳಬದಿಯಲ್ಲಿ ಗೆರೆಗಳು ಕಾಣುತ್ತವೆ. ಮೊಳೆಯಿಂದ ಗೀರಿದ ಗೆರೆಗಳು. ಒಟ್ಟು 38.

ಇದು ನನ್ನ ಅಜ್ಜಿಯ ಟ್ರಂಕು. ಅಮ್ಮನ ಅಮ್ಮ. ಒಂದೊಂದು ಗೆರೆಯೂ ಒಂದೊಂದು ಬಾಳಂತನ.

ಊರು ಬಿಟ್ಟು ಹೋದವರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ನಮ್ಮ ಉಡುಪಿ, ಮಂಗಳೂರಿನಲ್ಲಿ ಈ ವಿಷಯಕ್ಕೆ ಕೊರತೆ ಇಲ್ಲ. ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು ಮಾಲಕರಾದವರು ಇದ್ದಾರೆ. 1942ರಲ್ಲಿ ಮಾಟುಂಗಾದಲ್ಲಿ ರಾಮ ನಾಯಕರು ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಈಗಲೂ ಊಟ ಹಾಕುತ್ತಿದೆ. ಬ್ಯಾಂಕಿನ ಕೆಲಸಕ್ಕೆ ದೇಶವೆಲ್ಲ ಸುತ್ತಿದವರು, ಗಲ್ಫಿಗೆ ಹೋದವರು, ಎಲ್ಲರ ಕಥೆಯೂ ನಮಗೆ ಗೊತ್ತುಂಟು. ಬರೆದದ್ದೂ ಉಂಟು. ಆದರೆ ಹಾಗೆ ಹೋದವರ ಮನೆಯಲ್ಲಿ ಮಗು ಹುಟ್ಟಿದಾಗ ಏನಾಯಿತು? ಊರಿನಿಂದ ಒಬ್ಬಳು ಹೆಂಗಸು ಹೊರಟಳು. ಮೂರು ತಿಂಗಳು, ನಾಲ್ಕು ತಿಂಗಳು ಇದ್ದು ಬಂದಳು. ಆಮೇಲೆ ಇನ್ನೊಂದು ಮನೆಯಿಂದ ಕಾಗದ ಬಂತು, ಮತ್ತೆ ಹೊರಟಳು. ಇವರ ಪ್ರಯಾಣವನ್ನು ನಾವು ಪ್ರಯಾಣ ಅಂತ ಎಣಿಸಿಯೇ ಇಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇಷ್ಟೇ. ಅದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ನನ್ನ ಅಜ್ಜಿ.

ಅಜ್ಜಿ ಹುಟ್ಟಿದ್ದು ಬಂಟ್ವಾಳದ ಕಡೆ, ನೇತ್ರಾವತಿಯ ದಡದಲ್ಲಿ. ವರ್ಷ ಕೇಳಿದರೆ "ಬೊಳ್ಳದ ವರ್ಷ" ಅನ್ನುತ್ತಿದ್ದರು. 1923ರ ಆಗಸ್ಟಿನಲ್ಲಿ ಬಂದ ದೊಡ್ಡ ನೆರೆ ಅದು, ತುಳುವಿನಲ್ಲಿ ಮಾರಿ ಬೊಳ್ಳ. ಬಂಟ್ವಾಳ, ಪಾಣೆಮಂಗಳೂರು ಪೇಟೆಗಳು ಮುಳುಗಿದ್ದವು. ಅಜ್ಜಿಯ ಅಮ್ಮ ತುಂಬು ಗರ್ಭಿಣಿ, ಗುಡ್ಡದ ಮೇಲಿನ ಯಾರದೋ ಹಟ್ಟಿಯಲ್ಲಿ ಹೆತ್ತರಂತೆ. ಅಲ್ಲಿಂದ ಇಳಿದು ಬಂದಾಗ ಮನೆಯ ಗೋಡೆ ಇರಲಿಲ್ಲ. ಅಂದ್ರೆ ಹುಟ್ಟಿದ ದಿನವೇ ಅಜ್ಜಿ ಮನೆಯಿಂದ ಹೊರಗಿದ್ದರು. ಪಾಸ್‌ಪೋರ್ಟಿನಲ್ಲಿ ಮಾತ್ರ 1926 ಜೂನ್ 1 ಅಂತ ಉಂಟು. ಅರ್ಜಿ ತುಂಬಿಸಿದವರು ಬರೆದ ತಾರೀಕು ಅದು. ಅದೇ ಪಾಸ್‌ಪೋರ್ಟಿನಲ್ಲಿ ಉದ್ಯೋಗದ ಜಾಗದಲ್ಲಿ ಹೌಸ್‌ವೈಫ್ ಅಂತ ಬರೆದಿದ್ದಾರೆ.

ಮದುವೆಯಾಗಿ ಬಂದದ್ದು ಶಂಕರಪುರದ ಹತ್ತಿರ. ಆಗ ಅದು ಮದ್ರಾಸ್ ಪ್ರಾಂತ್ಯ. 1956ರಲ್ಲಿ ಮೈಸೂರು ರಾಜ್ಯ ಆಯಿತು, 1973ರಲ್ಲಿ ಕರ್ನಾಟಕ, 1997ರಲ್ಲಿ ಉಡುಪಿ ಜಿಲ್ಲೆ. ಮನೆ ಇದ್ದಲ್ಲೇ ಇತ್ತು, ವಿಳಾಸ ಬದಲಾಗುತ್ತಾ ಹೋಯಿತು. ಅಜ್ಜ ಮುಂಬಯಿಯ ಹೋಟೆಲೊಂದರಲ್ಲಿ ಕ್ಯಾಷಿಯರ್. ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು.

ಮೊದಲ ಪ್ರಯಾಣ 1948ರಲ್ಲಿ. ಅಜ್ಜಿಗೆ 25 ವರ್ಷ. ಅವರ ತಂಗಿ ಮುಂಬಯಿಯಲ್ಲಿ ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ನಮ್ಮ ಕ್ರಮ, ಅಲ್ವಾ? ಆದರೆ ದಿನ ತುಂಬುವುದು ಜುಲೈಯಲ್ಲಿ. ಮಳೆಗಾಲ ಹಿಡಿದರೆ ಹಡಗು ಬಂದ್. ರೈಲಿನಲ್ಲಿ ಬರಬೇಕಾದರೆ ದಕ್ಷಿಣಕ್ಕೆಲ್ಲ ಸುತ್ತಿ ಬರಬೇಕು, ಬಸುರಿಯನ್ನು ಹಾಗೆ ಕರೆತರುವುದು ಹೇಗೆ? ಅಷ್ಟೊತ್ತಿಗೆ ತವರಿನ ತಾಯಿ ತೀರಿಕೊಂಡಿದ್ದರು. ಹಾಗಾಗಿ ಅಜ್ಜಿಯೇ ಹೊರಟರು. ಮಳೆಗೆ ಮೊದಲಿನ ಹಡಗು ಹಿಡಿಯಬೇಕು, ನವರಾತ್ರಿ ಕಳೆದ ಮೇಲೆ ವಾಪಸ್. ಜತೆಗೆ ಎರಡು ವರ್ಷದ ನನ್ನ ಅಮ್ಮ, ಮತ್ತು ಈ ಟ್ರಂಕು.

ಈಗ ಉಡುಪಿಯಿಂದ ಮಂಗಳೂರಿಗೆ ಒಂದೂವರೆ ಗಂಟೆ. ಆಗ ಅದೇ ಒಂದು ದಿನದ ಕೆಲಸ. ಹೊಳೆ ಬಂದಲ್ಲಿ ಬಸ್ಸು ಇಳಿಯಬೇಕು, ಕಡವಿನಲ್ಲಿ ದೋಣಿ ಹತ್ತಿ ದಾಟಬೇಕು, ಆಚೆ ದಡದಲ್ಲಿ ಇನ್ನೊಂದು ಬಸ್ಸು. ಕೂಳೂರು ಹೊಳೆ ದಾಟುವಾಗ ಟ್ರಂಕು ದೋಣಿಯ ಅಂಚಿನಲ್ಲಿತ್ತು, ಅಜ್ಜಿ ಅದರ ಮೇಲೆಯೇ ಕೂತುಬಿಟ್ಟರಂತೆ. "ನಾನು ಬಿದ್ದರೆ ಅದೂ ಬೀಳಲಿ ಅಂತ." ಇನ್ನು ಮಂಗಳೂರಿನ ಬಂದರು. ಪಣಂಬೂರಿನ ಬಂದರು ಬಂದದ್ದು 1970ರ ದಶಕದಲ್ಲಿ. ಹಳೇ ಬಂದರಿನ ಅಳಿವೆ ಬಾಗಿಲಿನಲ್ಲಿ ಮರಳಿನ ದಿಬ್ಬ, ದೊಡ್ಡ ಹಡಗು ಒಳಗೆ ಬರುವ ಹಾಗಿಲ್ಲ. ಅದು ಹೊರಗೆ ಸಮುದ್ರದಲ್ಲಿ ನಿಲ್ಲುತ್ತದೆ. ದೋಣಿಯಲ್ಲಿ ಅಲ್ಲಿಗೆ ಹೋಗಿ ಏಣಿ ಹತ್ತಬೇಕು. ಸೀರೆ ಉಟ್ಟ ಹೆಂಗಸು, ಸೊಂಟದಲ್ಲಿ ಮಗು, ಕೆಳಗೆ ತೆರೆ. ಅಜ್ಜಿ ಇದನ್ನು ಹೇಳುವಾಗ ಎರಡೂ ಕೈ ಮುಂದೆ ಚಾಚಿ ತೋರಿಸುತ್ತಿದ್ದರು. ಮೇಲಿನಿಂದ ಒಬ್ಬ ಖಲಾಸಿ ಮಗುವನ್ನು ಎತ್ತಿಕೊಂಡನಂತೆ. ಆ ಎರಡು ಕೈ ಮಾತ್ರ ನೆನಪಿದೆ, ಮುಖ ನೆನಪಿಲ್ಲ ಅನ್ನುತ್ತಿದ್ದರು.

ಟ್ರಂಕಿನಲ್ಲಿ ಏನಿತ್ತು? ಅಜ್ಜಿಗೆ ಎರಡು ಸೀರೆ. ಉಳಿದದ್ದೆಲ್ಲ ಬಾಳಂತಿಗೆ. ಓಮ, ಮೆಂತ್ಯ, ಜೀರಿಗೆ, ಕಾಳುಮೆಣಸು, ಬೆಳ್ಳುಳ್ಳಿ, ಓಲೆಬೆಲ್ಲ. ಭರಣಿಯಲ್ಲಿ ಲೇಹ್ಯ, ಬಾಯಿಗೆ ಬಟ್ಟೆ ಕಟ್ಟಿ. ಬಾಟಲಿಯಲ್ಲಿ ಮನೆಯ ತೆಂಗಿನೆಣ್ಣೆ. ಒಣಗಿಸಿದ ನೆಕ್ಕಿ ಸೊಪ್ಪು, ಸ್ನಾನದ ನೀರಿಗೆ ಹಾಕಲಿಕ್ಕೆ. ಹಳೇ ಹತ್ತಿ ಸೀರೆ ಹರಿದು ಮಾಡಿದ ಉದ್ದದ ಪಟ್ಟಿ, ಬಾಳಂತಿಯ ಸೊಂಟಕ್ಕೆ ಬಿಗಿಯಲಿಕ್ಕೆ. ಈಗಲೂ ಟ್ರಂಕಿನ ಮುಚ್ಚಳ ತೆರೆದರೆ ಓಮದ ವಾಸನೆ ಬರುತ್ತದೆ. ಸುಮ್ನೆ ಹೇಳುತ್ತಿಲ್ಲ, ಬಂದು ನೋಡಿ.

ಇಲ್ಲಿರುವ ಹಿರಿಯರಿಗೆ ಬಾಳಂತನ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಚಿಕ್ಕವರಿಗಾಗಿ ಹೇಳುತ್ತೇನೆ. ನಲವತ್ತು ದಿನ. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು. ಮುಂಬಯಿಯ ಚಾಳಿನಲ್ಲಿ ನಲ್ಲಿ ನೀರು ಬರುವುದೇ ಆ ಹೊತ್ತಿಗೆ. ಪಂಪ್ ಸ್ಟವ್ವಿನ ಮೇಲೆ ನೀರು ಕಾಯಿಸಬೇಕು. ಬಾಳಂತಿಗೆ ಎಣ್ಣೆ ಹಚ್ಚಿ, ನೀವಿ, ಬಿಸಿನೀರು ಹೊಯ್ದು, ಸೊಂಟ ಕಟ್ಟಿ ಮಲಗಿಸಬೇಕು. ಆಮೇಲೆ ಮಗುವನ್ನು ಮೀಸಬೇಕು.

ಅಜ್ಜಿ ಮಗುವನ್ನು ಮೀಸುವುದನ್ನು ನಾನು ಹತ್ತಿರದಿಂದ ನೋಡಿದ್ದು 1994ರಲ್ಲಿ, ನನ್ನದೇ ಮಗಳನ್ನು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಮೋರಿಯಲ್ಲಿ, ಅಂದ್ರೆ ಬಚ್ಚಲಿನಲ್ಲಿ. ಸಣ್ಣ ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ, ಎರಡೂ ಕಾಲು ಉದ್ದಕ್ಕೆ ಚಾಚಿ, ಆ ಕಾಲುಗಳ ನಡುವಿನ ತಗ್ಗಿನಲ್ಲಿ ಮಗುವನ್ನು ಅಂಗಾತ ಮಲಗಿಸಿದರು. ಎಣ್ಣೆಯ ಮೈ, ಜಾರುವ ಮಗು. ನನಗೆ ಜೀವ ಬಾಯಿಗೆ ಬಂದಿತ್ತು. ಅಜ್ಜಿ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡಿದರು. ಅಂಗೈ ಸುಳ್ಳು ಹೇಳುತ್ತದೆ, ಅದು ಕೆಲಸ ಮಾಡಿ ದಡ್ಡುಗಟ್ಟಿದೆ, ಮೊಣಕೈಗೆ ಗೊತ್ತಾಗುತ್ತದೆ ಅಂದರು. ಚೆಂಬಿನಿಂದ ಮೊದಲ ನೀರು ಪಾದಕ್ಕೆ. ಆಮೇಲೆ ಹೊಟ್ಟೆಗೆ. ಮಗುವನ್ನು ಕವುಚಿ ಬೆನ್ನಿಗೆ. ಕೊನೆಗೆ ತಲೆಗೆ, ಹಣೆಯ ಮೇಲೆ ಎಡಗೈ ಅಡ್ಡ ಹಿಡಿದು, ಒಂದು ಹನಿಯೂ ಕಣ್ಣಿಗೆ ಹೋಗದ ಹಾಗೆ. ಮಗು ಮೊದಲು ಕಿರುಚಿತು. ಬೆನ್ನಿನ ನೀರಿಗೆ ಬರುವಾಗ ಸುಮ್ಮನಾಯಿತು. ಮೈ ಒರೆಸಿ ಹೊಗೆ ಹಾಕುವಷ್ಟರಲ್ಲಿ ನಿದ್ದೆ. ಆಗ ಅಜ್ಜಿಗೆ 71 ವರ್ಷ. ಮಣೆಯಿಂದ ಏಳಲಿಕ್ಕೆ ಗೋಡೆ ಹಿಡಿದುಕೊಂಡರು. ಕಾಲು ಜೋಮು ಹಿಡಿದಿತ್ತು. ನಾನು ಕೈ ಕೊಡಲು ಹೋದರೆ, ನೀನು ಮಲಗು, ಬಾಳಂತಿ ತಂಡಿಗೆ ನಿಲ್ಲಬಾರದು ಅಂತ ಬೈದರು.

ಗೆರೆಗಳಲ್ಲಿ ಒಂದು ಉಳಿದವಕ್ಕಿಂತ ಗಿಡ್ಡ ಉಂಟು. ಅದು 1957ರದ್ದು. ಆ ಮಗು ಹನ್ನೊಂದು ದಿನ ಬದುಕಿತು. ಅಜ್ಜಿ ಬಾಳಂತನವನ್ನು ನಲವತ್ತು ದಿನವೂ ಮಾಡಿದರು. ಮಗು ಹೋದರೂ ತಾಯಿ ಹೆತ್ತವಳೇ ಅಲ್ಲವಾ ಅನ್ನುತ್ತಿದ್ದರು.

ಅದೇ 1957ರಲ್ಲಿ ನನ್ನ ಅಮ್ಮನಿಗೆ 11 ವರ್ಷ. ಅಜ್ಜಿ ಮುಂಬಯಿಯಲ್ಲಿ, ಊರಿನ ಮನೆಯಲ್ಲಿ ಅಮ್ಮ ಮತ್ತು ಇಬ್ಬರು ತಮ್ಮಂದಿರು. ನೋಡಿಕೊಳ್ಳಲಿಕ್ಕೆ ಅಂತ ದೂರದ ಸಂಬಂಧದ ಒಬ್ಬ ಮುದುಕಿ ಇದ್ದರು, ಅವರಿಗೆ ಕಣ್ಣು ಸರಿ ಕಾಣುತ್ತಿರಲಿಲ್ಲ. ಗಂಜಿ ಬೇಯಿಸಿದ್ದು, ದನಕ್ಕೆ ಹುಲ್ಲು ತಂದದ್ದು, ತಮ್ಮಂದಿರನ್ನು ಶಾಲೆಗೆ ಕಳಿಸಿದ್ದು ಎಲ್ಲ ಅಮ್ಮ. ಆ ವರ್ಷವೇ ಅಮ್ಮನ ಶಾಲೆ ನಿಂತದ್ದು. ಇದನ್ನು ಬಿಟ್ಟು ಅಜ್ಜಿಯ ಕಥೆ ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ. "ಊರಿನವರ ಮಕ್ಕಳಿಗೆಲ್ಲ ಅವರು ಅಮ್ಮ, ನಮಗೆ ಮಾತ್ರ ಕಾಗದ ಬರುತ್ತಿತ್ತು" ಅಂತ ನನ್ನ ಅಮ್ಮ ಎಷ್ಟೋ ಸಲ ಹೇಳಿದ್ದಾರೆ. ಅಜ್ಜಿಯ ಎದುರಿಗೂ ಹೇಳಿದ್ದಾರೆ. ಅಜ್ಜಿ ಅದಕ್ಕೆ ಉತ್ತರ ಕೊಟ್ಟದ್ದು ನಾನು ಕೇಳಿಲ್ಲ. ನಾನು ಹುಟ್ಟಿದಾಗ ಮಾತ್ರ ನಲವತ್ತು ದಿನದ ಬದಲು ನಾಲ್ಕು ತಿಂಗಳು ಅಮ್ಮನನ್ನು ಅಡುಗೆಮನೆಗೆ ಕಾಲಿಡಲು ಬಿಡಲಿಲ್ಲವಂತೆ.

ಈಗ ದುಡ್ಡಿನ ವಿಷಯ. ಇಷ್ಟೆಲ್ಲ ಓಡಾಟಕ್ಕೆ ಟಿಕೆಟಿನ ಹಣ ಯಾರು ಕೊಟ್ಟರು? ಕರೆಸಿಕೊಂಡವರು ಕೆಲವು ಸಲ ಕಳಿಸುತ್ತಿದ್ದರು. ಆದರೆ ಅಜ್ಜಿ ಅದನ್ನು ನಂಬಿ ಕೂತವರಲ್ಲ. ಅವರ ಹತ್ತಿರ ಮಲ್ಲಿಗೆ ಇತ್ತು.

ಶಂಕರಪುರದ ಮಲ್ಲಿಗೆ ನಿಮಗೆ ಹೊಸದಲ್ಲ. ಉಡುಪಿ ಮಲ್ಲಿಗೆ ಅಂತ ಅದಕ್ಕೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ಯಬೇಕು, ಅರಳಿದರೆ ಬೆಲೆ ಇಲ್ಲ. ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದ್ರೆ ಒಂದು ಅಟ್ಟೆ ಆಗಬೇಕಾದರೆ 3200 ಮೊಗ್ಗು ಕೈಯಲ್ಲಿ ಹಾದುಹೋಗಬೇಕು. ಅಜ್ಜಿ ಮಾತಾಡುತ್ತಾ, ಮೊಮ್ಮಕ್ಕಳನ್ನು ಗದರಿಸುತ್ತಾ, ಹೂವನ್ನು ನೋಡದೆಯೇ ಕಟ್ಟುತ್ತಿದ್ದರು. ಆ ಹೂವು ಮಧ್ಯಾಹ್ನದೊಳಗೆ ಹೂವು ಕೊಳ್ಳುವ ಕಟ್ಟೆಗೆ ಹೋಗಿ, ಅಲ್ಲಿಂದ ಮುಂಬಯಿಗೂ ಆಮೇಲೆ ಗಲ್ಫಿಗೂ ಹೋಗುತ್ತಿತ್ತು. ನಮ್ಮೂರಿನ ಎಷ್ಟೋ ಹೆಂಗಸರು ಕಾಣದ ಊರುಗಳನ್ನು ಅವರ ಕೈಯ ಹೂವು ಕಂಡಿದೆ.

ಮಲ್ಲಿಗೆ ನೆಟ್ಟ ಜಾಗ ಮೊದಲು ನಮ್ಮದಾಗಿರಲಿಲ್ಲ, ಚಾಲಗೇಣಿಯದ್ದು, ಅಂದ್ರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿಯ ಜಾಗ. 1974ರ ಭೂಸುಧಾರಣೆಯ ನಂತರ ಗೇಣಿದಾರರ ಅರ್ಜಿಯಾದ ಫಾರಂ 7 ಕೊಟ್ಟು, ಡಿಕ್ಲರೇಶನ್ನಿನಲ್ಲಿ ನಮಗಾಯಿತು. ವಿಚಾರಣೆಯ ದಿನ ಅಜ್ಜ ಮುಂಬಯಿಯಲ್ಲಿ. ಅಜ್ಜಿಯೇ ಹೋಗಿ ನಿಂತರು. ಯಾವ ವರ್ಷ ಎಷ್ಟು ಮುಡಿ ಗೇಣಿ ಅಳೆದೆವು, ಯಾವ ವರ್ಷ ಬೆಳೆ ಹೋಗಿ ಎಷ್ಟು ಬಾಕಿ ಉಳಿಯಿತು, ಎಲ್ಲ ಬಾಯಲ್ಲೇ ಹೇಳಿದರಂತೆ. ಮುಡಿ ಅಂದ್ರೆ ಬೈಹುಲ್ಲಿನಲ್ಲಿ ಕಟ್ಟಿದ 42 ಸೇರು ಅಕ್ಕಿ. ಅಷ್ಟೂ ಮುಡಿಗಳನ್ನು ಕಟ್ಟಿದ ಕೈ ಅವರದೇ ಆಗಿದ್ದರೆ ಲೆಕ್ಕ ಮರೆಯುವುದು ಹೇಗೆ?

ಹೂವಿನ ದುಡ್ಡು ಬ್ಯಾಂಕಿನ ಪಿಗ್ಮಿ ಉಳಿತಾಯಕ್ಕೆ ಹೋಗುತ್ತಿತ್ತು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಪೇಟೆಗೆ ಹೋಗಲಿಕ್ಕೆ ಪುರುಸೊತ್ತಿಲ್ಲದ ಹೆಂಗಸರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ. ಗಂಡನನ್ನು ಕೇಳದೆ ಹಡಗಿನ ಟಿಕೆಟ್ ತೆಗೆಯುವ ಧೈರ್ಯ ಅಜ್ಜಿಗೆ ಬಂದದ್ದು ಆ ಸಣ್ಣ ಪುಸ್ತಕದಿಂದ. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅಜ್ಜಿ ಇದ್ದಿದ್ದರೆ ತುಂಬ ನೊಂದುಕೊಳ್ಳುತ್ತಿದ್ದರು. ನನಗೂ ಬೇಸರ ಆಯಿತು.

1990ಕ್ಕೆ ಬರುತ್ತೇನೆ. ಜೂನಿನಲ್ಲಿ ಕುವೈತಿನಲ್ಲಿ ಚಿಕ್ಕಮ್ಮನಿಗೆ ಗಂಡು ಮಗು ಹುಟ್ಟಿತು. ಅಜ್ಜಿ ಮೇ ತಿಂಗಳಲ್ಲೇ ಹೋಗಿದ್ದರು, ಮುಂಬಯಿಯಿಂದ ವಿಮಾನದಲ್ಲಿ. 67ರ ವಯಸ್ಸಿನಲ್ಲಿ ಮೊದಲ ವಿಮಾನ. ಅಲ್ಲಿ ಅವರಿಗೆ ಆಶ್ಚರ್ಯವಾದದ್ದು ನೀರು. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಸುಡುವ ನೀರು ಬರುತ್ತದೆ, ಟ್ಯಾಂಕು ಮಾಳಿಗೆಯ ಬಿಸಿಲಿನಲ್ಲಿ ಇರುತ್ತದಲ್ಲ. ಊರಿನಲ್ಲಿ ನೀರು ಕಾಯಿಸಲು ನಾಲ್ಕಕ್ಕೆ ಏಳುತ್ತಿದ್ದವರು ಇಲ್ಲಿ ನೀರು ಆರಿಸಲು ರಾತ್ರಿಯೇ ಬಕೆಟು ತುಂಬಿಡಬೇಕಾಯಿತು.

ಆಗಸ್ಟ್ 2ಕ್ಕೆ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ನಮಗೆ ಇಲ್ಲಿ ಒಂದು ಸುದ್ದಿಯೂ ಇಲ್ಲ. ಫೋನಿಲ್ಲ, ಕಾಗದವಿಲ್ಲ. ಆಗ ಈ ಜಿಲ್ಲೆಯ ಎಷ್ಟು ಮನೆಗಳಲ್ಲಿ ರೇಡಿಯೋ ಮುಂದೆ ಕೂತಿದ್ದರು ಅಂತ ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ಅಲ್ಲಿಂದ ಭಾರತೀಯರು ಬಸ್ಸಿನಲ್ಲಿ ಬಾಗ್ದಾದಿಗೆ, ಬಾಗ್ದಾದಿನಿಂದ ಮರುಭೂಮಿ ದಾಟಿ ಜೋರ್ಡಾನಿಗೆ ಬಂದರು. ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದವು. ಅವರಲ್ಲಿ ನನ್ನ ಅಜ್ಜಿ, ಚಿಕ್ಕಮ್ಮ, ಚಿಕ್ಕಪ್ಪ, ಮತ್ತು ಮೂರು ತಿಂಗಳು ತುಂಬದ ಮಗು.

ಜೋರ್ಡಾನ್ ಗಡಿಯ ಡೇರೆಯಲ್ಲಿ ಒಂಬತ್ತು ದಿನ ಇದ್ದರು. ಟ್ಯಾಂಕರಿನಲ್ಲಿ ನೀರು ಬರುತ್ತಿತ್ತು, ಅದೂ ಸಾಲು ನಿಂತು. ಕುಡಿಯಲಿಕ್ಕೇ ಸಾಲದು. ಅಜ್ಜಿ ಮಗುವನ್ನು ಒಂದು ದಿನವೂ ಮೀಸದೆ ಬಿಡಲಿಲ್ಲ ಅಂತ ಚಿಕ್ಕಮ್ಮ ಹೇಳುತ್ತಾರೆ. ಹೇಗೆ ಗೊತ್ತಾ? ತಮ್ಮ ಪಾಲಿನ ನೀರಿನಲ್ಲಿ ಒಂದು ಲೋಟ ಉಳಿಸಿ, ಬಿಸಿಲಿಗೆ ಇಟ್ಟು, ಬಟ್ಟೆ ಅದ್ದಿ, ಮೊದಲು ಪಾದ, ಆಮೇಲೆ ಹೊಟ್ಟೆ, ಬೆನ್ನು, ಕೊನೆಗೆ ತಲೆ. ಅದೇ ಕ್ರಮ. ಕಾಲು ಚಾಚಿ ಮರಳಿನ ಮೇಲೆ ಕೂತು. ಮೊಣಕೈ ಅದ್ದಿ ನೋಡಲು ಲೋಟದಲ್ಲಿ ಜಾಗ ಇರಲಿಲ್ಲವಂತೆ, ಕಿರುಬೆರಳು ಅದ್ದುತ್ತಿದ್ದರಂತೆ. ಊರಿಗೆ ಬಂದ ಮೇಲೆ ಯುದ್ಧದ ಬಗ್ಗೆ ಕೇಳಲು ಯಾರ್‍ಯಾರೋ ಬಂದರು. ಅಜ್ಜಿ ನೀರಿನ ಬಗ್ಗೆ ಮಾತ್ರ ಹೇಳಿದರು.

ಇಷ್ಟಾದ ಮೇಲೆ ಇನ್ನು ಎಲ್ಲಿಗೂ ಕಳಿಸುವುದಿಲ್ಲ ಅಂತ ಮಾವಂದಿರು ಹಟ ಹಿಡಿದರು. ನಾಲ್ಕು ವರ್ಷಕ್ಕೆ ನನ್ನ ಬಾಳಂತನಕ್ಕೆ ಡೊಂಬಿವಲಿಯಲ್ಲಿ ಇದ್ದರು.

ಕೊಂಕಣ ರೈಲ್ವೆ ಬಂದದ್ದು ಅಜ್ಜಿಗೆ ಹಬ್ಬ. 1998ರಲ್ಲಿ ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ಮತ್ಸ್ಯಗಂಧ ರೈಲು ಹತ್ತಿ, ಕಿಟಕಿ ಪಕ್ಕ ಕೂತು, ಹೊಳೆ ಬಂದಾಗಲೆಲ್ಲ ಕೈ ಮುಗಿದರು. ಕಡವಿನಲ್ಲಿ ದಾಟಿದ ಕಾಲ ನೋಡಿದವರು ಅವರು. ಸಂಜೆ ಹೊರಟು ಬೆಳಿಗ್ಗೆ ಮುಂಬಯಿ! ಹಿಂದೆ ಆಗುಂಬೆ ಘಾಟಿಯ 14 ತಿರುವು ಹತ್ತಿ, ಬೀರೂರಿನಲ್ಲಿ ರೈಲು ಹಿಡಿದು, ಹುಬ್ಬಳ್ಳಿ, ಮೀರಜ್, ಪುಣೆ ಅಂತ ಹೋದದ್ದೂ ಉಂಟು. ಆ ದಾರಿಯಲ್ಲಿ ವಾಂತಿ ಮಾಡಿಕೊಂಡ ಮಕ್ಕಳ ಹೆಸರೆಲ್ಲ ಅವರಿಗೆ ನೆನಪಿತ್ತು.

2001ರಲ್ಲಿ ನನ್ನ ತಂಗಿಯ ಬಾಳಂತನಕ್ಕೆ ನ್ಯೂಜೆರ್ಸಿಗೆ ಹೋದರು. ಫೆಬ್ರವರಿ, ಹೊರಗೆ ಹಿಮ. ಬಚ್ಚಲುಮನೆಯ ನೆಲದಲ್ಲಿ ನೀರು ಹೋಗಲು ತೂತೇ ಇಲ್ಲ. ಎರಡು ನಿಮಿಷ ಯೋಚಿಸಿ, ಅಜ್ಜಿ ಸೀದಾ ಬಾತ್‌ಟಬ್ಬಿನೊಳಗೆ ಇಳಿದು ಕಾಲು ಚಾಚಿ ಕೂತರು. ಬೆನ್ನಿಗೆ ಒರಗು, ಕಾಲಿಗೆ ಜಾಗ, ನೀರು ತನ್ನಷ್ಟಕ್ಕೆ ಹೋಗುತ್ತದೆ. ಮಗು ಮೀಸಲಿಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಾನು ಎಲ್ಲೂ ನೋಡಲಿಲ್ಲ ಅಂತ ಊರಿಗೆ ಬಂದು ಹೇಳುತ್ತಿದ್ದರು.

ಕೊನೆಯದು 2012, ಬೆಂಗಳೂರು. 89 ವರ್ಷ. ಕೈ ನಡುಗುತ್ತಿತ್ತು, ಮಗುವನ್ನು ಎತ್ತುವ ಹಾಗಿರಲಿಲ್ಲ. ಕುರ್ಚಿ ಹಾಕಿಸಿಕೊಂಡು ಬಚ್ಚಲಿನ ಬಾಗಿಲಲ್ಲಿ ಕೂತು ನನ್ನ ಅಮ್ಮನಿಂದ ಮಾಡಿಸಿದರು. ಆ ಗೆರೆಯನ್ನು ಅಮ್ಮನೇ ಗೀರಿದ್ದು. 2018ರ ಆಟಿಯಲ್ಲಿ, ತುಳುವರ ಆ ಮಳೆಗಾಲದ ತಿಂಗಳಲ್ಲಿ, ಅಜ್ಜಿ ಹೋದರು. ಆಟಿಯಲ್ಲೇ ಹುಟ್ಟಿದವರು.

ಬೊಜ್ಜ, ಅಂದ್ರೆ ಉತ್ತರಕ್ರಿಯೆ, ಕಳೆದ ಮೇಲೆ ನಾವೆಲ್ಲ ಸೇರಿ ಈ ಟ್ರಂಕು ತೆರೆದೆವು. ಗೆರೆ ಎಣಿಸಿ, ಯಾವುದು ಯಾರದ್ದು ಅಂತ ಬರೆಯತೊಡಗಿದೆವು. ಮಕ್ಕಳು, ತಂಗಿಯ ಮಕ್ಕಳು, ಮೊಮ್ಮಕ್ಕಳು, ನಾದಿನಿಯ ಮನೆಯವರು. ಎಷ್ಟು ಸಲ ಎಣಿಸಿದರೂ 37 ಹೆಸರು. ಗೆರೆ 38. ಅವು ಸಾಲಾಗಿ ಇರುವುದರಿಂದ ಯಾವ ಜಾಗದಲ್ಲಿ ಹೆಚ್ಚಾಗಿದೆ ಅಂತ ಗೊತ್ತಾಯಿತು. 1990ರಲ್ಲಿ ಎರಡು ಗೆರೆ ಇದ್ದವು.

ಆಗ ಚಿಕ್ಕಮ್ಮ ಹೇಳಿದರು. ಜೋರ್ಡಾನಿನಲ್ಲಿ ಪಕ್ಕದ ಡೇರೆಯಲ್ಲಿ ಕಾಸರಗೋಡಿನ ಕಡೆಯ ಒಬ್ಬಳು ಹುಡುಗಿ ಇದ್ದಳು. ಹೆತ್ತು ಹದಿನೈದು ದಿನ ಆಗಿತ್ತು. ಜತೆಗೆ ಹೆಂಗಸರು ಯಾರೂ ಇರಲಿಲ್ಲ. ಅಜ್ಜಿ ತಮ್ಮ ಸೀರೆಯ ಸೆರಗಿನ ಉದ್ದಕ್ಕೆ ಹರಿದು ಅವಳ ಸೊಂಟ ಕಟ್ಟಿದರು. ಚೀಲದಲ್ಲಿ ಉಳಿದಿದ್ದ ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಗಂಜಿ ಮಾಡಿ ಕುಡಿಸಿದರು. ಉಳಿಸಿದ ಒಂದು ಲೋಟ ನೀರಿನಲ್ಲಿ ದಿನವೂ ಎರಡು ಮಕ್ಕಳು ಮಿಂದವು. ಹತ್ತನೆಯ ದಿನ ನಮ್ಮವರ ಹೆಸರು ಕರೆದರು, ಬಸ್ಸು ಹತ್ತಿದರು. ಆ ಹುಡುಗಿಯ ಸರದಿ ಇನ್ನೂ ಬಂದಿರಲಿಲ್ಲ. ಅಜ್ಜಿ ಮೆಂತ್ಯದ ಪೊಟ್ಟಣ ಅವಳ ಕೈಯಲ್ಲಿಟ್ಟು, ಎಷ್ಟು ಹಾಕಬೇಕು ಅಂತ ಬೆರಳಲ್ಲಿ ತೋರಿಸಿ ಬಂದರಂತೆ.

ಇಗೋ, ಇಲ್ಲಿ, ಎಡದಿಂದ ಹತ್ತೊಂಬತ್ತನೆಯದು ಚಿಕ್ಕಮ್ಮನ ಮಗ. ಇಪ್ಪತ್ತನೆಯದು ಆ ಮಗು.